ಅಮ್ಮಿಯ ಉಸಿರಿಗೆ ಮನೆಯ ಫೋನು

ಗೊರೇಬಾಳದಂಥ ಊರಿನಲ್ಲಿ ದಮ್ಮಿನವರಿಲ್ಲದ ಓಣಿ ಹುಡುಕುವುದು ಕಷ್ಟ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ ಇದು. ರಾಶಿಯ ದೂಳು, ಅಕ್ಕಿ ಗಿರಣಿಯ ಹೊಟ್ಟು, ಹೊಲದಲ್ಲಿ ಸುಡುವ ಹುಲ್ಲಿನ ಹೊಗೆ, ಗಂಡಸರ ಬೀಡಿ ಎಲ್ಲವೂ ಎದೆಗೇ ಇಳಿಯುತ್ತವೆ. ಬೀಡಿ ಮುಟ್ಟದೆ, ಮೂವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿದ ನಿಮ್ಮ ಅಮ್ಮಿಗೂ ಇದೇ ಕಾಯಿಲೆ ಬರಬಹುದು. ವೈದ್ಯರು ಇದನ್ನು ಸಿಒಪಿಡಿ ಎನ್ನುತ್ತಾರೆ. ಶ್ವಾಸನಾಳ ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಇದರಿಂದ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಸತ್ತರು. ನಾವು ಮಾತ್ರ ಮನೆಯಲ್ಲಿ 'ವಯಸ್ಸಾಯಿತು' ಎಂದು ಸುಮ್ಮನಾಗುತ್ತೇವೆ.

ಮೊದಲ ಸಲ ಆಸ್ಪತ್ರೆಗೆ ಹೋಗಲೇಬೇಕು. ಕೊಳವೆಗೆ ಉಸಿರು ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಫೋನಿನಲ್ಲಿ ಆಗದು. ತೊಂದರೆ ಇರುವುದು ಆಮೇಲಿನ ತಿಂಗಳುಗಳಲ್ಲಿ. ಸಿಂಧನೂರಿನಿಂದ ರಾಯಚೂರಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು. ಒಬ್ಬರ ಕೂಲಿ ಹೋಗುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರನ್ನು ಬಸ್ಸಿಗೆ ಹತ್ತಿಸಬೇಕು. ಹೀಗಾಗಿ ಎರಡನೆಯ ಭೇಟಿಯೇ ನಡೆಯುವುದಿಲ್ಲ, ಇನ್‌ಹೇಲರ್ ಮುಗಿದ ದಿನ ಔಷಧವೂ ಮುಗಿಯುತ್ತದೆ.

ಈ ನಡುವಿನ ತಿಂಗಳುಗಳಿಗೆ ಫೋನು ಒದಗುತ್ತದೆ ಎಂಬುದು ನನ್ನ ವಾದ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ, ಎದುರಿಗೆ ನೋಡಿ ಆರು ತಿಂಗಳೊಳಗಿನ ರೋಗಿಗೆ ಅದೇ ಕಾಯಿಲೆಗೆ ಅದೇ ವೈದ್ಯರು ಫೋನಿನಲ್ಲೇ ಔಷಧ ಮುಂದುವರಿಸಬಹುದು. ಸರಕಾರದ ಇ-ಸಂಜೀವಿನಿ ಸೇವೆ ಉಚಿತ. ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಯನ್ನು ಕೇಳಿ, ಅಲ್ಲಿಂದಲೂ ವೈದ್ಯರೊಡನೆ ಮಾತಾಡಿಸುತ್ತಾರೆ.

ಆದರೆ ಮನೆಯ ಫೋನು ಯಾರ ಕೈಯಲ್ಲಿದೆ? ಮಗನ ಜೇಬಿನಲ್ಲಿ. ವೈದ್ಯರು ಕೇಳುವುದು ಅಮ್ಮಿಯನ್ನು, 'ಹಾಗೇನಿಲ್ಲ ಡಾಕ್ಟ್ರೇ, ಸ್ವಲ್ಪ ಕೆಮ್ಮು' ಎಂದು ಉತ್ತರ ಕೊಡುವುದು ಮಗ. ದಯವಿಟ್ಟು ಹೀಗೆ ಮಾಡಬೇಡಿ. ಅವರು ಉರ್ದುವಿನಲ್ಲೇ ಹೇಳಲಿ, ಬೇಕಾದರೆ ನೀವು ಕನ್ನಡಕ್ಕೆ ತಿರುಗಿಸಿ. ಒಂದು ಉಸಿರಿಗೆ ಎಷ್ಟು ಮಾತು ಬರುತ್ತದೆ ಎಂಬುದರಿಂದಲೇ ವೈದ್ಯರಿಗೆ ಬಹಳಷ್ಟು ತಿಳಿಯುತ್ತದೆ. ಸಂಕೋಚವಾದರೆ ಮಹಿಳಾ ವೈದ್ಯರು ಬೇಕೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಕರೆ ಮಾಡುವ ಮೊದಲು ಕೆಲವು ಸಂಗತಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಫ ಹೆಚ್ಚಿದೆಯೇ, ಬಣ್ಣ ಹಳದಿ ಹಸಿರಿಗೆ ತಿರುಗಿದೆಯೇ, ಪಾದ ಊದಿದೆಯೇ. ನಮ್ಮ ಮನೆಗಳಲ್ಲಿ ಇನ್ನೊಂದು ಒಳ್ಳೆಯ ಅಳತೆಗೋಲಿದೆ, ನಮಾಝ್. ಹೋದ ತಿಂಗಳು ಮಸೀದಿಗೆ ನಡೆದು ಹೋಗುತ್ತಿದ್ದ ಅಬ್ಬಾ ಈಗ ಮನೆಯಲ್ಲೇ ಕುರ್ಚಿಯ ಮೇಲೆ ನಮಾಝ್ ಮಾಡುತ್ತಿದ್ದಾರೆಯೇ? ವುಝೂ ಮುಗಿಸುವಷ್ಟರಲ್ಲಿ ದಮ್ಮು ಹತ್ತುತ್ತದೆಯೇ? ಅದನ್ನು ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ, ಕಪ್ಪು ಮೆಹಂದಿ ಹಚ್ಚಿದ ಬೆರಳಿಗೂ ತಣ್ಣಗಾದ ಬೆರಳಿಗೂ ಬೇಡ, ಅಂಕಿ ತಪ್ಪು ಬರುತ್ತದೆ.

ವಿಡಿಯೋ ಕರೆಯಲ್ಲಿ ಇನ್‌ಹೇಲರ್ ತೆಗೆದುಕೊಂಡು ತೋರಿಸಲಿ. ವರ್ಷಗಟ್ಟಲೆ ಬಳಸಿದವರೂ ಇಲ್ಲಿ ತಪ್ಪುತ್ತಾರೆ. ಅಲುಗಿಸದೆ ಒತ್ತುವುದು, ಮೊದಲು ಉಸಿರು ಹೊರಬಿಡದಿರುವುದು, ಎಳೆದ ಮೇಲೆ ಹತ್ತು ಎಣಿಸುವವರೆಗೆ ಹಿಡಿದಿಡದಿರುವುದು, ಕೊನೆಗೆ ಬಾಯಿ ಮುಕ್ಕಳಿಸದಿರುವುದು. ರೊಟಾಕ್ಯಾಪನ್ನು ಮಾತ್ರೆಯೆಂದು ನೀರಿನೊಂದಿಗೆ ನುಂಗುವವರೂ ಇದ್ದಾರೆ! ಇಂಥದ್ದು ಕಣ್ಣಿಗೆ ಕಂಡರೆ ವೈದ್ಯರು ಎರಡು ನಿಮಿಷದಲ್ಲಿ ತಿದ್ದುತ್ತಾರೆ.

ರಮಝಾನ್ ಬರುವ ಮೊದಲು ಒಂದು ಕರೆ ತಪ್ಪದೆ ಮಾಡಿ. ಇನ್‌ಹೇಲರಿನಿಂದ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ, ಅದನ್ನು ನಿಮ್ಮ ಆಲಿಮರಲ್ಲಿ ಕೇಳಿ. ದಿನಕ್ಕೆ ಒಂದೆರಡು ಬಾರಿಯ ಔಷಧವಾದರೆ ಸಹರಿ, ಇಫ್ತಾರ್ ಹೊತ್ತಿಗೆ ಹೊಂದಿಸಬಹುದೇ ಎಂದು ವೈದ್ಯರಲ್ಲಿ ಕೇಳಿ. ಆದರೆ ಉಪವಾಸಕ್ಕಾಗಿ ನಿಮ್ಮಷ್ಟಕ್ಕೆ ನೀವೇ ಔಷಧ ಬಿಡುವುದು ಧರ್ಮನಿಷ್ಠೆಯಲ್ಲ. ರೋಗಿಗೆ ರಿಯಾಯಿತಿ ಕೊಟ್ಟಿರುವುದು ಕುರ್‌ಆನ್, ನಾವು ಅದಕ್ಕಿಂತ ಕಟ್ಟುನಿಟ್ಟಾಗಬೇಕಿಲ್ಲ.

ಫೋನು ಹಿಡಿದು ಕೂರಬಾರದ ಹೊತ್ತೂ ಇದೆ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದು ಮಾತು ತಡವರಿಸಿದರೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ. ನೆಟ್‌ವರ್ಕಿಗಾಗಿ ಮಾಳಿಗೆ ಹತ್ತುತ್ತ ಕಾಯಬೇಡಿ.

ಜಮಾಅತ್ ಕಮಿಟಿಯವರಲ್ಲೂ ಒಂದು ಮಾತು. ವಾರಕ್ಕೊಂದು ದಿನ ಅಸರ್ ನಂತರ ಮದ್ರಸದ ಒಂದು ಕೋಣೆ, ನೆಟ್‌ವರ್ಕ್ ಇರುವ ಒಂದು ಫೋನು, ಅದನ್ನು ಬಳಸಲು ಬಲ್ಲ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ. ಖರ್ಚು ಹೆಚ್ಚಿಲ್ಲ. ಮಗ ದುಡಿಯಲು ಬೆಂಗಳೂರಿಗೋ ಸೌದಿಗೋ ಹೋಗಿರುವ ಮನೆಯ ದಾದಿ ಅಲ್ಲಿಗಾದರೂ ಬಂದು ಕೂತು, ತನ್ನ ದಮ್ಮಿನ ಕತೆ ತಾನೇ ಹೇಳಲಿ.