ಶುಕ್ರ್ ಮದ್ದಾಗಲಿ, ಬೆತ್ತವಾಗದಿರಲಿ

ಕಳೆದ ತಿಂಗಳು ಒಬ್ಬ ಗೃಹಿಣಿ ಅತ್ತೆಯೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಎದೆಯುರಿ, ತಲೆನೋವು, ರಾತ್ರಿ ನಿದ್ದೆಯಿಲ್ಲ. ನಾನು ನಾಡಿ ನೋಡುತ್ತಿದ್ದಾಗ ಅತ್ತೆಯೇ ಹೇಳಿದರು: "ಇವಳಿಗೆ ಏನು ಕಮ್ಮಿ ಡಾಕ್ಟ್ರೇ? ಸ್ವಂತ ಮನೆ ಉಂಟು, ಮಗ ಗಲ್ಫಿನಿಂದ ತಿಂಗಳು ತಿಂಗಳು ಹಣ ಕಳಿಸ್ತಾನೆ. ಶುಕ್ರ್ ಇಲ್ಲ, ಅದೇ ಕಾಯಿಲೆ." ಸೊಸೆ ತಲೆ ತಗ್ಗಿಸಿದರು.

ಆ ತಾಯಿಯ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಮದ್ದನ್ನೇ ಅವರು ಬೆತ್ತವಾಗಿ ಹಿಡಿದಿದ್ದರು.

ಕೃತಜ್ಞತೆ ಮನಸ್ಸಿಗೆ ಮದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಯುನಾನಿ ಪದ್ಧತಿಯು ಆರೋಗ್ಯಕ್ಕೆ ಅನಿವಾರ್ಯವೆನ್ನುವ 6 ಸಂಗತಿಗಳಲ್ಲಿ ಗಾಳಿ, ಆಹಾರ, ನಿದ್ದೆಗಳಂತೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಒಂದು. ಸಿಟ್ಟು, ಭಯ, ದುಃಖ ಮಿತಿ ಮೀರಿದರೆ ಹಸಿವೂ ನಿದ್ದೆಯೂ ಕೆಡುತ್ತವೆ. 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್‌ಬಲ್ಖಿ ಶರೀರ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದಿದ್ದಾರೆ. ಆಪತ್ಕಾಲಕ್ಕೆಂದು ಮನೆಯಲ್ಲಿ ಔಷಧ ಇಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ವಿಚಾರಗಳನ್ನು ಕೂಡಿಟ್ಟುಕೊಳ್ಳಬೇಕೆಂಬುದು ಅವರ ಸಲಹೆ. ಅಮೆರಿಕದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲ್ಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದೇ ಮಾತು ಹೇಳುತ್ತದೆ. ವಾರಕ್ಕೊಮ್ಮೆಯಂತೆ 10 ವಾರ ತಮಗೆ ದೊರೆತ ಒಳಿತುಗಳನ್ನು ಬರೆದ ವಿದ್ಯಾರ್ಥಿಗಳಲ್ಲಿ, ಕಿರಿಕಿರಿಗಳನ್ನು ಬರೆದವರಿಗಿಂತ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಕಂಡುಬಂತು.

ಆದರೆ ಅವರು ತಮ್ಮ ಪಟ್ಟಿಯನ್ನು ತಾವೇ ಬರೆದಿದ್ದರು ಎಂಬುದನ್ನು ಗಮನಿಸಿ. ನೊಂದವರ ಮುಂದೆ ನಾವು ಪಟ್ಟಿ ಓದಿದರೆ ಅವರಿಗೆ ಸಿಗುವುದು ಸಮಾಧಾನವಲ್ಲ, ಅಪರಾಧ ಭಾವ. ನೋವಿನ ಜೊತೆಗೆ 'ನಾನು ನಾಶುಕ್ರಿ' ಎಂಬ ಹೊರೆಯೂ ಸೇರುತ್ತದೆ. ಮಗ ಯೂಸುಫ್(ಅ)ರಿಗಾಗಿ ದುಃಖಿಸಿ ಯಅ್‌ಕೂಬ್(ಅ)ರ ಕಣ್ಣುಗಳು ಬೆಳ್ಳಗಾದುದನ್ನು ಕುರ್‌ಆನ್ ತಿಳಿಸುತ್ತದೆ. ಆ ಪ್ರವಾದಿಯನ್ನು ಕೃತಘ್ನರೆನ್ನಲು ಯಾರಿಗೆ ಧೈರ್ಯವಿದೆ? ಅಳುವುದು ನಾಶುಕ್ರಿಯಲ್ಲ.

ಅತ್ತೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಸೊಸೆಯ ಮಾತು ಕೇಳಿದೆ. ಬೆಳಿಗ್ಗೆ 5ರಿಂದ ರಾತ್ರಿ 11ರವರೆಗೆ ದುಡಿಮೆ. "ಸಾರು ಚೆನ್ನಾಗಾಗಿದೆ ಅಂತ ಒಂದು ದಿನವೂ ಯಾರೂ ಹೇಳಿಲ್ಲ ಡಾಕ್ಟ್ರೇ" ಎಂದು ಕಣ್ಣೊರೆಸಿಕೊಂಡರು. ಶುಕ್ರ್‌ನ ಕೊರತೆ ಆ ಮನೆಯಲ್ಲಿತ್ತು ನಿಜ, ಆದರೆ ಅದು ಅವರಲ್ಲಿರಲಿಲ್ಲ. ಜನರಿಗೆ ಕೃತಜ್ಞರಾಗದೆ ಅಲ್ಲಾಹನಿಗೆ ಕೃತಜ್ಞರಾಗಲಾಗದು ಎಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಮಿಂಬರಿನ ಕೆಳಗೆ ಕೇಳಿ, ಮನೆಯ ಹೊಸ್ತಿಲಲ್ಲೇ ಬಿಟ್ಟುಬಿಡುತ್ತೇವೆ.

ನಾನೂ ಇದಕ್ಕೆ ಹೊರತಲ್ಲ. ನನ್ನ ಕಂಪೌಂಡರ್ ಹನ್ನೊಂದು ವರ್ಷಗಳಿಂದ ಜೊತೆಗಿದ್ದಾರೆ. ತಪ್ಪಾದಾಗ ಗದರಿದ್ದೇನೆ, ಸರಿಯಾದಾಗ ಸುಮ್ಮನಿದ್ದೇನೆ. ಅಂದು ಸಂಜೆ ಬಾಗಿಲು ಹಾಕುವಾಗ, "ನೀವು ಚೀಟಿ ಎರಡು ಸಲ ನೋಡಿ ಮದ್ದು ಕೊಡ್ತೀರಿ, ಅದರಿಂದ ನನಗೆ ನೆಮ್ಮದಿ" ಎಂದೆ. ಅವರು ನಕ್ಕರು. ಆ ರಾತ್ರಿ ನನಗೇ ಮನಸ್ಸು ಹಗುರಾಗಿತ್ತು.

ಹೀಗೆ ಆರಂಭಿಸಿ. ಇಶಾ ನಮಾಝಿನ ಬಳಿಕ ಆ ದಿನದ 3 ಒಳಿತುಗಳನ್ನು ನೆನೆಯಿರಿ. 'ಎಲ್ಲ ಚೆನ್ನಾಗಿದೆ' ಎಂದರೆ ಸಾಲದು. 'ಮಗಳ ಜ್ವರ ಇಳಿಯಿತು' ಎಂಬಷ್ಟು ಸ್ಪಷ್ಟವಾಗಿರಲಿ. ಮನೆಯಲ್ಲೋ ಅಂಗಡಿಯಲ್ಲೋ ಒಬ್ಬರಿಗೆ ಬಾಯಿಬಿಟ್ಟು ಕೃತಜ್ಞತೆ ಹೇಳಿ. ಬೇರೆಯವರು ನೊಂದಾಗ ಉಪದೇಶ ಬೇಡ, ಕಿವಿಗೊಡಿ.

ಇದರಿಂದ ಎಲ್ಲ ಕಾಯಿಲೆ ವಾಸಿಯಾಗದು. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮನೋವೈದ್ಯರನ್ನು ಕಾಣಿರಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಚಿಕಿತ್ಸೆಯೂ ಅಲ್ಲಾಹನ ಅನುಗ್ರಹವೇ. ಅದನ್ನು ಬಳಸಿಕೊಳ್ಳುವುದೂ ಶುಕ್ರ್.

ಅತ್ತೆಗೆ ನಾನು ಹೇಳಿದ್ದಿಷ್ಟೇ: "ಸೊಸೆಗೆ ಮದ್ದು ನಾನು ಕೊಡ್ತೇನೆ. ಇವತ್ತು ಊಟ ಆದ ಮೇಲೆ ಒಂದು ಒಳ್ಳೆಯ ಮಾತು ನೀವು ಕೊಡಿ."