ಕಾಗೆಬಂಗಾರದ ಬೆಲೆ ಎಷ್ಟು?

ಮಕ್ಕಳೇ, ಕಾಗೆಬಂಗಾರ ಎಂದರೆ ಏನೆಂದು ಗೊತ್ತೇ? ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕೂತಿರುವ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ಕಲ್ಲಿನಲ್ಲಿ, ಮರಳಿನಲ್ಲಿ ಮಿಣಮಿಣ ಎನ್ನುವ ವಸ್ತು ಅದು. ಉಗುರಿನಿಂದ ಕೆರೆದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರು ಪದರಾಗಿ ಏಳುತ್ತದೆ. ಪಾಠದ ಪುಸ್ತಕದಲ್ಲಿ ಅದರ ಹೆಸರು ಅಭ್ರಕ. ಬಂಗಾರದ ಹಾಗೆ ಹೊಳೆದರೂ ಬಂಗಾರವಲ್ಲ; ಅದಕ್ಕೇ ನಮ್ಮ ಹಿರಿಯರು ಅದನ್ನು ಕಾಗೆಯ ಪಾಲಿಗೆ ಬಿಟ್ಟುಕೊಟ್ಟರು! ಹಾಗೆಂದು ಅದು ಕೆಲಸಕ್ಕೆ ಬಾರದ್ದೇನೂ ಅಲ್ಲ. ತುಂಬ ಬಿಸಿಯಾದರೂ ತಡೆದುಕೊಳ್ಳುತ್ತದೆ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಹಳೆಯ ಇಸ್ತ್ರಿಪೆಟ್ಟಿಗೆಯೊಳಗೆ ಬಿಸಿಯಾಗುವ ತಂತಿಯನ್ನು ಸುತ್ತುತ್ತಿದ್ದದ್ದು ಅಭ್ರಕದ ಹಾಳೆಗೇ.

2008ರಲ್ಲಿ ಕರ್ನಾಟಕದ ಕಲಾವಿದೆಯೊಬ್ಬರು ತಮ್ಮ ಒಂದು ಕೃತಿಗೆ ‘ಕಾಗೆಬಂಗಾರ’ ಎಂದೇ ಹೆಸರಿಟ್ಟರು. ಹೊರದೇಶದವರೂ ಅದನ್ನು ಈ ಕನ್ನಡ ಹೆಸರಿನಿಂದಲೇ ಕರೆಯುತ್ತಾರೆ. ಅದರಲ್ಲಿ ಬಣ್ಣದ ಟ್ಯೂಬಿಲ್ಲ, ಕ್ಯಾನ್ವಾಸಿಲ್ಲ. ರಸ್ತೆಗೆ ಡಾಂಬರು ಹಾಕಿದ ಮೇಲೆ ಉಳಿಯುವ ಖಾಲಿ ಡ್ರಮ್ಮುಗಳು, ಡ್ರಮ್ಮು ಕತ್ತರಿಸಿ ಚಪ್ಪಟೆ ಮಾಡಿದ ತಗಡುಗಳು, ಟಾರ್ಪಾಲು, ಜೊತೆಗೆ ಒಂದಿಷ್ಟು ಅಭ್ರಕ. ಅಷ್ಟೇ ಸಾಮಾನು. ಹೂವಿಲ್ಲ, ಹಕ್ಕಿಯಿಲ್ಲ, ಮನುಷ್ಯರ ಮುಖವಿಲ್ಲ.

ಆ ಕಲಾವಿದೆಯ ಹೆಸರು ಶೀಲಾ ಗೌಡ. ಹುಟ್ಟಿದ್ದು 1957ರಲ್ಲಿ, ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ಆಮೇಲೆ ಶಾಂತಿನಿಕೇತನಕ್ಕೆ ಹೋದರು. ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಹೋಗಿ 1986ರಲ್ಲಿ ಓದು ಮುಗಿಸಿದರು. ಮೊದಲು ಎಲ್ಲರಂತೆ ಬಣ್ಣದಲ್ಲೇ ಚಿತ್ರ ಬರೆಯುತ್ತಿದ್ದರು. 1990ರ ದಶಕದಲ್ಲಿ ಕುಂಚ ಬಿಟ್ಟು ಸೆಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ಸೂಜಿ, ನೂಲು, ಕುಂಕುಮ, ಊದುಬತ್ತಿಯ ಬೂದಿ, ಡಾಂಬರಿನ ಡ್ರಮ್ಮು, ಕೂದಲಿನ ಹಗ್ಗ ಒಂದೊಂದಾಗಿ ಬಂದವು. ಎಲ್ಲವೂ ನಮ್ಮ ಮನೆ, ಬೀದಿಗಳಲ್ಲಿ ದಿನಾ ಕಣ್ಣಿಗೆ ಬೀಳುವಂಥವೇ.

ಶಾಂತಿನಿಕೇತನ ಎಂದೆನಲ್ಲ, ಅದನ್ನು ಕಟ್ಟಿದ ರವೀಂದ್ರನಾಥ ಠಾಕೂರರು ಕಾರವಾರದ ಮಕ್ಕಳಿಗೆ ಹೊಸಬರಲ್ಲ. ಇಲ್ಲಿಯ ಕಡಲತೀರಕ್ಕೆ ಅವರದೇ ಹೆಸರು. 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಹರೆಯದ ತಮ್ಮ ಬಂದು ಉಳಿದು, ಕಾಳಿ ನದಿಯಲ್ಲಿ ದೋಣಿಯೇರಿ ಸುತ್ತಾಡಿ, ಇಲ್ಲಿಯೇ ಒಂದು ನಾಟಕವನ್ನೂ ಬರೆದರು. ಇದು ಹಲವರಿಗೆ ಗೊತ್ತು. ಅವರು ಚಿತ್ರಕಾರರಾದ ಬಗೆ ಮಾತ್ರ ಅಷ್ಟಾಗಿ ಗೊತ್ತಿಲ್ಲ. ಕವಿತೆ ಬರೆಯುವಾಗ ಬೇಡವಾದ ಸಾಲಿಗೆ ಕಾಟು ಹಾಕುತ್ತಿದ್ದರು. ಆ ಕಾಟುಗಳು ಹಾಗೇ ಬಿದ್ದಿರಬಾರದೆಂದು ಒಂದಕ್ಕೊಂದು ಗೆರೆ ಜೋಡಿಸುತ್ತ ಹೋದರು. ಹಾಳೆಯ ಮೇಲೆ ವಿಚಿತ್ರ ಪ್ರಾಣಿಗಳೂ ಬಳ್ಳಿಗಳೂ ಎದ್ದು ನಿಂತವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವೇ ನಡೆಯಿತು. ಆಗ ಅವರಿಗೆ ಸುಮಾರು ಎಪ್ಪತ್ತು ವರ್ಷ. ನಮ್ಮ ಬ್ಯಾಂಕಿನಲ್ಲಿ ಲೆಡ್ಜರಿಗೆ ಕಾಟು ಹಾಕಿದರೆ ಪಕ್ಕದಲ್ಲಿ ಸಹಿ ಹಾಕಿ ಸುಮ್ಮನಾಗುತ್ತಿದ್ದೆವು. ಅವರು ಅದರಿಂದ ಚಿತ್ರಗಳನ್ನೇ ಹುಟ್ಟಿಸಿದರು!

ಈಗ ಮತ್ತೆ ಡಾಂಬರಿನ ಡ್ರಮ್ಮಿಗೆ ಬರೋಣ. ಇಂಥ ಕೃತಿಯ ಮುಂದೆ ನಿಂತವರು ಮೊದಲು ಕೇಳುವ ಪ್ರಶ್ನೆ, “ಇದು ಯಾವುದರ ಚಿತ್ರ?” ಉತ್ತರ ಸಿಗದಿದ್ದರೆ, “ಇದೆಂಥ ಕಲೆ! ನಮ್ಮ ಗುಜರಿ ಅಂಗಡಿಯಲ್ಲೂ ಇದೇ ಇದೆ” ಎಂದು ಹೊರಟುಬಿಡುತ್ತಾರೆ. ಯಾವುದೋ ಒಂದು ವಸ್ತುವಿನಂತೆ ಕಾಣದೆ ಬರೀ ಆಕಾರ, ಗೆರೆ, ಬಣ್ಣ, ಜೋಡಣೆಗಳಿಂದಲೇ ಮಾತಾಡುವ ಕಲೆಗೆ ಅಮೂರ್ತ ಕಲೆ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ದೊಡ್ಡದಲ್ಲ. ಅಜ್ಜಿ ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆ ಸುತ್ತಿ ರಂಗೋಲಿ ಹಾಕುವಾಗ “ಇದು ಯಾವುದರ ಚಿತ್ರ?” ಎಂದು ನಾವು ಕೇಳುತ್ತೇವೆಯೇ? ಇಲ್ಲ. ಚುಕ್ಕಿ ತಪ್ಪಿಲ್ಲವೇ, ಎಳೆ ಕೂಡಿತೇ ಎಂದಷ್ಟೇ ನೋಡುತ್ತೇವೆ.

ಸಿಕ್ಕಿದ ವಸ್ತುಗಳಿಂದ ಮಾಡಿದ ಕಲೆಗೆ ಇನ್ನೂ ಒಂದು ಪ್ರಶ್ನೆ ಬೇಕು. “ಇದು ಮೊದಲು ಏನಾಗಿತ್ತು? ಯಾರ ಕೈಯಲ್ಲಿ ದುಡಿದಿತ್ತು?” ಹೀಗೆ ಕೇಳಿ ನೋಡಿ, ಡ್ರಮ್ಮು ಬಾಯಿ ಬಿಡುತ್ತದೆ.

ರಸ್ತೆ ಕೆಲಸದವರನ್ನು ನೀವೂ ನೋಡಿದ್ದೀರಿ. ಡ್ರಮ್ಮಿನ ಡಾಂಬರು ರಸ್ತೆಗೆ, ಖಾಲಿ ಡ್ರಮ್ಮಿನ ತಗಡು ಅವರ ಗುಡಿಸಿಲಿಗೆ. ರಸ್ತೆ ಮುಗಿದರೆ ನಾವು ಕಾರಿನಲ್ಲಿ ಜುಮ್ಮೆಂದು ಹೋಗುತ್ತೇವೆ. ಅವರು ತಗಡು ಮಡಚಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಶೀಲಾ ಗೌಡರು 2006ರಲ್ಲಿ ಇಂಥ ಡ್ರಮ್ಮು, ತಗಡುಗಳಿಂದ ಒಂದು ಸಣ್ಣ ಮನೆ ಕಟ್ಟಿದರು. ಅದರ ಹೆಸರು ‘ಡಾರ್ಕ್‌ರೂಮ್’. ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸಿದ್ದರಿಂದ ಹೊರಗಿನಿಂದ ನೋಡಿದರೆ ಕಂಬಗಳಿರುವ ಅರಮನೆಯ ಗತ್ತು. ಒಳಗೆ ಹೋಗಬೇಕಾದರೆ ಮಾತ್ರ ಬಗ್ಗಿ, ತೆವಳಿ ಹೋಗಬೇಕು. ಒಳಗೆ ಕಗ್ಗತ್ತಲೆ. ತಲೆಯೆತ್ತಿದರೆ, ಸೂರಿನ ತಗಡಿನಲ್ಲಿ ಸಣ್ಣ ಸಣ್ಣ ತೂತು, ಒಂದೊಂದರಲ್ಲೂ ಬೆಳಕು. ನಕ್ಷತ್ರ ತುಂಬಿದ ಆಕಾಶ! ದಿನವೆಲ್ಲ ಬಿಸಿ ಡಾಂಬರಿನ ಮುಂದೆ ನಿಂತವರು ರಾತ್ರಿ ಮಲಗಿ ಏನು ನೋಡುತ್ತಾರೆ ಎಂದು ನಾನು ಅದಕ್ಕೆ ಮೊದಲು ಯೋಚಿಸಿರಲಿಲ್ಲ.

ಇನ್ನೊಂದು ಕೃತಿ ‘ಬಿಹೋಲ್ಡ್’. 2009ರಲ್ಲಿ ಇಟಲಿಯ ವೆನಿಸ್ ನಗರದ ದೊಡ್ಡ ಕಲಾಪ್ರದರ್ಶನದಲ್ಲಿ ಇತ್ತು. ಈಗ ಇಂಗ್ಲೆಂಡಿನ ಟೇಟ್ ಸಂಗ್ರಹಾಲಯಕ್ಕೆ ಸೇರಿದೆ. ಲಾರಿ, ಕಾರುಗಳಿಗೆ ದೃಷ್ಟಿ ತಾಗಬಾರದೆಂದು ಬಂಪರಿಗೆ ಕರಿಹಗ್ಗ ಕಟ್ಟುವುದನ್ನು ಕಂಡಿರಬಹುದು. ಮನುಷ್ಯರ ಕೂದಲಿನಿಂದ ಹೊಸೆದ ಅಂಥ ಹಗ್ಗವನ್ನೇ ಶೀಲಾ ಗೌಡರು ತೆಗೆದುಕೊಂಡರು. ದೇವಸ್ಥಾನಗಳಲ್ಲಿ ಹರಕೆಗೆ ಕೊಟ್ಟ ಮುಡಿಯಿಂದ ಬರುವ ಕೂದಲು ಅದು. ಸುಮಾರು ನಾಲ್ಕು ಕಿಲೋಮೀಟರ್ ಹಗ್ಗ, ಸುಮಾರು ಇಪ್ಪತ್ತು ಸ್ಟೀಲ್ ಬಂಪರು. ಬಂಪರುಗಳನ್ನು ಗೋಡೆಯ ಮೇಲೆ ತೂಗಿಹಿಡಿದಿರುವುದು ಆ ಹಗ್ಗವೇ. ನಾಲ್ಕು ಕಿಲೋಮೀಟರ್ ಎಂದರೆ ಅಜ್ಜಂದಿರ ನಡಿಗೆಯಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. ಅಷ್ಟುದ್ದಕ್ಕೂ ಯಾರ್ಯಾರದೋ ಹರಕೆ: ಮಗುವಿನ ಜ್ವರ ಇಳಿಯಲೆಂದು ಒಬ್ಬರದು, ಮಗನಿಗೆ ಕೆಲಸ ಸಿಗಲೆಂದು ಇನ್ನೊಬ್ಬರದು ಇದ್ದೀತು. ಉಕ್ಕು ಗಟ್ಟಿ, ಕೂದಲು ಮೆತ್ತಗೆ ಎಂದುಕೊಂಡಿರುತ್ತೇವೆ. ಇಲ್ಲಿ ಮೆತ್ತಗಿನದೇ ಗಟ್ಟಿಯದನ್ನು ಹೊತ್ತಿದೆ.

ಹಾಗಾದರೆ ಗುಜರಿ ಅಂಗಡಿಯ ರಾಶಿಯೂ ಕಲೆಯೇ? ಒಳ್ಳೆಯ ಪ್ರಶ್ನೆ, ಕೇಳಲೇಬೇಕು. ಅಲ್ಲ. ರಾಶಿಯಲ್ಲಿ ವಸ್ತುಗಳು ಬಿದ್ದಿರುತ್ತವೆ. ಕೃತಿಯಲ್ಲಿ ಅವನ್ನು ಒಬ್ಬರು ಆರಿಸಿರುತ್ತಾರೆ. ಯಾವುದು ಬೇಕು, ಯಾವುದು ಬೇಡ, ಎಷ್ಟು, ಯಾವುದರ ಪಕ್ಕದಲ್ಲಿ ಯಾವುದು ಎಂದು ತಿಂಗಳುಗಟ್ಟಲೆ ಕೆಲಸ ಮಾಡಿರುತ್ತಾರೆ. 1998ರಲ್ಲಿ ಶೀಲಾ ಗೌಡರು ಒಂದೊಂದೇ ಸೂಜಿಯ ಕಣ್ಣಿಗೆ ಉದ್ದಾನುದ್ದ ನೂಲು ಪೋಣಿಸಿ, ಆ ನೂಲುಗಳನ್ನು ಒಟ್ಟುಮಾಡಿ, ಕುಂಕುಮ ಮತ್ತು ಅಂಟು ಸವರಿ ಕೆಂಪು ಹುರಿ ಮಾಡಿದರು. ತುದಿಯಲ್ಲಿ ಸೂಜಿಗಳ ಗೊಂಚಲು. ಸೂಜಿಗೆ ನೂಲು ಪೋಣಿಸುವಾಗ “ಬಾ ಮರಿ, ಕಣ್ಣು ಕಾಣಿಸುವುದಿಲ್ಲ” ಎಂದು ಮೊಮ್ಮಕ್ಕಳನ್ನು ಕರೆಯುವ ಅಜ್ಜಿಯರಿಗೆ ಆ ಕೆಲಸದ ಕಷ್ಟ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಇದನ್ನು ನೋಡಲು ವೆನಿಸ್ಸಿಗೇ ಹೋಗಬೇಕಾಗಿಲ್ಲ. ಅಂಕೋಲೆಯಿಂದ ಘಟ್ಟ ಹತ್ತಿ ಯಲ್ಲಾಪುರದ ಕಡೆಗೆ ಹೋದರೆ ಸಿದ್ದಿ ಜನರ ಊರುಗಳಿವೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಅವರು. ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ನಮ್ಮ ಕಾಡಿಗೆ ಬಂದವರೂ ಅವರಲ್ಲಿ ಇದ್ದರು. ಆ ಮನೆಗಳ ಹೆಂಗಸರು ಹಳೆಯ ಸೀರೆ, ಅಂಗಿ, ಲಂಗಗಳ ತುಂಡಿನಿಂದ ಕೌದಿ ಹೊಲಿಯುತ್ತಾರೆ. ಮೂಲೆಯಿಂದ ಶುರುಮಾಡಿ ಅಂಚಿನ ಸುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ‘ಫೂಲ’, ಅಂದರೆ ಹೂವು, ಇಡಲೇಬೇಕು. ಇಲ್ಲದಿದ್ದರೆ ಕೌದಿ ಬತ್ತಲೆ ಎಂದೇ ಲೆಕ್ಕ! ಆ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ತೂಗಿದವು. ನೋಡುವವರಿಗೆ ಅದು ಬಣ್ಣದ ಚೌಕಗಳ ಅಮೂರ್ತ ಚಿತ್ರ. ಹೊದ್ದು ಮಲಗುವ ಮಗುವಿಗೆ ಮಾತ್ರ ಈ ನೀಲಿ ಅಪ್ಪನ ಅಂಗಿ, ಈ ಕೆಂಪು ಅಜ್ಜಿಯ ಸೀರೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕದ ಮಾತು ಒಂದು ಹೇಳದಿದ್ದರೆ ಸಮಾಧಾನವಿಲ್ಲ. ಕಚೇರಿಯ ಮೇಜು, ಕುರ್ಚಿಗಳಿಗೆ ಪ್ರತಿವರ್ಷ ಸವಕಳಿ ಎಂದು ಒಂದಿಷ್ಟು ಬೆಲೆ ಕಳೆಯುತ್ತಾರೆ. ಹತ್ತು ವರ್ಷ ದುಡಿದ ಕುರ್ಚಿಯ ಬೆಲೆ ಇಳಿದು ಇಳಿದು ಏನೂ ಉಳಿಯದ ಹಂತಕ್ಕೆ ಬರುತ್ತದೆ. ಆದರೂ ಎಷ್ಟೋ ಕಡೆ ಅದನ್ನು ಸೊನ್ನೆ ಮಾಡುವುದಿಲ್ಲ, ಒಂದು ರೂಪಾಯಿ ಎಂದು ಪುಸ್ತಕದಲ್ಲಿ ಉಳಿಸುತ್ತಾರೆ. ಯಾಕೆ ಗೊತ್ತೇ? ಸೊನ್ನೆ ಬರೆದರೆ ಆ ಕುರ್ಚಿ ಲೆಕ್ಕದಿಂದಲೇ ಮಾಯವಾದೀತು. “ಇದು ಇನ್ನೂ ಇದೆ” ಎಂದು ಹೇಳುವುದಕ್ಕೆ ಆ ಒಂದು ರೂಪಾಯಿ. ಶೀಲಾ ಗೌಡರಂಥವರ ಕೆಲಸ ನನಗೆ ಅರ್ಥವಾಗುವುದು ಹೀಗೆ. ಎಲ್ಲರೂ ಸೊನ್ನೆ ಬರೆದ ವಸ್ತುವಿನ ಮುಂದೆ ಅವರು ಮತ್ತೆ ಒಂದು ಎಂದು ಬರೆಯುತ್ತಾರೆ.

ಬ್ಯಾಂಕಿನ ಮಾತಿಗೆ ಒಂದು ತಮಾಷೆಯೂ ಇದೆ. ಮೊದಲನೇ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಜರ್ಮನಿಯ ಕುರ್ಟ್ ಶ್ವಿಟ್ಟರ್ಸ್ ಎಂಬ ಕಲಾವಿದ ಹಳೆಯ ಟ್ರಾಮ್ ಟಿಕೆಟ್ಟು, ಲೇಬಲ್ಲು, ಮರದ ಚೂರು ಅಂಟಿಸಿ ಚಿತ್ರ ಮಾಡುತ್ತಿದ್ದ. ಒಂದು ಚಿತ್ರಕ್ಕೆ ಬ್ಯಾಂಕಿನ ಜಾಹೀರಾತನ್ನು ಕತ್ತರಿಸಿ ಅಂಟಿಸಿದ. ‘ಕಾಮರ್ಜ್’ ಎಂಬ ಪದದಲ್ಲಿ ‘ಮೆರ್ಜ್’ ಎಂಬ ತುಂಡು ಮಾತ್ರ ಉಳಿಯಿತು. ಅರ್ಥವೇ ಇಲ್ಲದ ಆ ತುಂಡನ್ನೇ ತನ್ನ ಕಲೆಗೆಲ್ಲ ಹೆಸರಾಗಿ ಇಟ್ಟುಕೊಂಡ!

ಈಗ ಈ ವಾರದ ಕೆಲಸ. ರಜೆಯ ದಿನ ಹಿರಿಯರ ಜೊತೆ ಕಡಲತೀರಕ್ಕೋ ಹಿತ್ತಿಲಿಗೋ ಹೋಗಿ. ಮೂರೇ ಮೂರು ವಸ್ತು ಆರಿಸಿ. ಗಾಜು, ತುಕ್ಕು ಹಿಡಿದ ಮೊಳೆ, ಔಷಧಿಯ ಸೂಜಿ ಮುಟ್ಟಬೇಡಿ. ತಂದದ್ದನ್ನು ತೊಳೆದು, ಬಿಳಿಯ ಬಟ್ಟೆಯ ಮೇಲಿಟ್ಟು ನೋಡಿ. ಕಣ್ಣು ಬರೆದು ಗುಬ್ಬಿ ಮಾಡಬೇಡಿ, ಬಾಲ ಅಂಟಿಸಿ ಮೀನು ಮಾಡಬೇಡಿ. ಅದು ಹೇಗಿದೆಯೋ ಹಾಗೇ ಇರಲಿ. ಹತ್ತಿರ ಇಟ್ಟು ನೋಡಿ, ದೂರ ಇಟ್ಟು ನೋಡಿ. ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಎಂದು ಹುಡುಕಿ. ಆಮೇಲೆ ಒಂದು ಚೀಟಿಯಲ್ಲಿ ಬರೆಯಿರಿ: ಇದು ಮೊದಲು ಏನಾಗಿತ್ತು? ಯಾರ ಕೈಯಲ್ಲಿತ್ತು?

ಎರಡನೆಯ ಪ್ರಶ್ನೆಗೆ ಉತ್ತರ ನಿಮಗೆ ಗೊತ್ತಿರುವುದಿಲ್ಲ, ಮೊಬೈಲಿಗೂ ಗೊತ್ತಿರುವುದಿಲ್ಲ. ಅದು ಅಜ್ಜ-ಅಜ್ಜಿಯರ ಪಾಲಿನ ಪ್ರಶ್ನೆ. ಆದ್ದರಿಂದ ಹಿರಿಯರಿಗೂ ಒಂದು ಮಾತು. ಮಗು ಮರಳಿನಿಂದ ಒಂದು ಮರದ ಬೆಂಡು ಎತ್ತಿ ತಂದರೆ “ಗಲೀಜು, ಎಸೆ ಅತ್ತ” ಎನ್ನುವ ಮೊದಲು ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿ. ಪರ್ಸೀನ್ ದೋಣಿಗಳು ಬರುವ ಮುಂಚೆ ಇದೇ ತೀರದಲ್ಲಿ ರಾಂಪಣಿ ಬಲೆ ಬೀಸಿ, ಹತ್ತಾರು ಜನ ಎರಡು ಸಾಲಾಗಿ ನಿಂತು ದಡಕ್ಕೆ ಎಳೆಯುತ್ತಿದ್ದರು. ಬಲೆಯ ಮೇಲಂಚನ್ನು ತೇಲಿಸುತ್ತಿದ್ದದ್ದು ಬೆಂಡು. ಎಳೆಯುವಾಗ ಏನು ಕೂಗುತ್ತಿದ್ದರು, ಮೀನು ಹೇಗೆ ಪಾಲಾಗುತ್ತಿತ್ತು, ನೋಡಲು ಹೋದ ಹುಡುಗರ ಚೀಲಕ್ಕೂ ಎರಡು ಬಂಗಡೆ ಬೀಳುತ್ತಿದ್ದದ್ದು ಹೇಗೆ, ಇವೆಲ್ಲ ಕಂಡವರ ಬಾಯಿಂದಲೇ ಬರಬೇಕು. ನೀವು ಹೇಳಿದರೆ ಮಗುವಿನ ಕೈಯಲ್ಲಿ ಇರುವುದು ರಾಂಪಣಿಯ ಬೆಂಡು. ಹೇಳದಿದ್ದರೆ ಅದು ಬರೀ ಒಂದು ಮರದ ತುಂಡು.

ಚೀಟಿ ಬರೆದ ಮೇಲೆ ಅದನ್ನು ವಸ್ತುವಿನ ಪಕ್ಕದಲ್ಲೇ ಇಡಿ. ಒಂದು ವಾರವಾದರೂ ಮನೆಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿರಲಿ.