ಫಾರ್ಮ್ಯಾಟ್ ಹೊಡೆಯುವ ಮುನ್ನ ಪರದೆ ಓದಿ

ನಮ್ಮ ಕಡೆ ಕಂಪ್ಯೂಟರ್ ಕೆಟ್ಟರೆ ಮೊದಲು ಕೇಳಿಬರುವ ಮಾತು ಒಂದೇ: ‘ಫಾರ್ಮ್ಯಾಟ್ ಹೊಡ್ದು ಕೊಟ್ಬಿಡ್ರಿ ಸರ.’ ಗಂಗಾವತಿಯ ಅಕ್ಕಿ ಗಿರಣಿ ಆಫೀಸಿನಲ್ಲೂ ಇದೇ ಮಾತು, ಕುಷ್ಟಗಿಯ ಬೀಜದಂಗಡಿಯಲ್ಲೂ ಇದೇ, ಯಲಬುರ್ಗಾದ ಡಿಟಿಪಿ ಸೆಂಟರಿನಲ್ಲೂ ಇದೇ. ಕೊಪ್ಪಳವೂ ಸೇರಿ ಈ ನಾಲ್ಕು ಊರುಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಯೇ ನನ್ನ ಮನೆ ನಡೆಯುತ್ತಿದೆ. ಫಾರ್ಮ್ಯಾಟ್ ಹೊಡೆದರೆ ನನಗೆ ಕೆಲಸ ಹಗುರ, ದುಡ್ಡು ಖಾತ್ರಿ. ಆದರೂ ಲಿನಕ್ಸ್ ಹಾಕಿದ ಯಂತ್ರಕ್ಕೆ ಈ ಔಷಧ ಬೇಡ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಮಾತು ಈಗಲೇ ಯಾಕೆ ಬಂತೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದಾಗಿರಬೇಕು. ನಮ್ಮ ಅಂಗಡಿಗಳಲ್ಲಿ ಇರುವುದು ಬಹುತೇಕ ನಾಲ್ಕನೆಯ, ಆರನೆಯ ಜನರೇಶನ್ನಿನ ಯಂತ್ರಗಳು. ಬೆಂಗಳೂರಿನ ಕಂಪನಿಗಳು ಹೊರಹಾಕಿದ್ದನ್ನು ಹೊಸಪೇಟೆ, ಹುಬ್ಬಳ್ಳಿಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಂದ ತಂದವು. ನಾಲ್ಕೋ ಎಂಟೋ ಜಿಬಿ ರ‍್ಯಾಮ್, ಒಂದು ಎಸ್ಎಸ್‌ಡಿ ಹಾಕಿದರೆ ಇನ್ನೂ ಐದಾರು ವರ್ಷ ದುಡಿಯುವ ತಾಕತ್ತು ಅವಕ್ಕಿದೆ. ಅವನ್ನು ಗುಜರಿಗೆ ಕೊಡುವ ಬದಲು ಉಬುಂಟು ಅಥವಾ ಮಿಂಟ್ ಎಂಬ ಲಿನಕ್ಸ್ ಹಾಕಿಸಿಕೊಂಡವರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ತೊಂದರೆ ಬರುವುದು ಆಮೇಲೆ, ಒಂದು ಆವೃತ್ತಿಯಿಂದ ಮುಂದಿನ ಆವೃತ್ತಿಗೆ ಏರಿಸುವಾಗ. ಆಗ ಪರದೆ ಕಪ್ಪಾಗಿ ನಾಲ್ಕು ಸಾಲು ಇಂಗ್ಲಿಷ್ ಬಂತೆಂದರೆ ಎಲ್ಲರ ಎದೆ ಧಸಕ್ಕೆನ್ನುತ್ತದೆ.

ಯಲಬುರ್ಗಾದ ಒಂದು ಡಿಟಿಪಿ ಅಂಗಡಿಯ ಸಂಗತಿ ಹೇಳುತ್ತೇನೆ. ನಡೆಸುವವರು ಒಬ್ಬ ಅಕ್ಕಾರು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಪಂಚಾಯಿತಿಯ ಅರ್ಜಿ, ವರ್ಷಾನುಗಟ್ಟಲೆಯ ಎಲ್ಲ ಕೆಲಸ ಆ ಒಂದೇ ಯಂತ್ರದಲ್ಲಿ. ಉಬುಂಟು 22.04ರಿಂದ 24.04ಕ್ಕೆ ಏರಿಸಲು ಒತ್ತಿ ಕೂತಿದ್ದಾರೆ, ಅರ್ಧದಲ್ಲಿ ಕರೆಂಟು ಹೋಗಿದೆ. ಯುಪಿಎಸ್ ಬ್ಯಾಟರಿಯಲ್ಲಿ ಜೀವ ಇರಲಿಲ್ಲ. ಮತ್ತೆ ಹಚ್ಚಿದರೆ ಡೆಸ್ಕ್‌ಟಾಪ್ ಬರಲಿಲ್ಲ. ‘ಎಲ್ಲಾ ಹೋತೇನ್ರಿ ಸರ?’ ಅಂತ ಫೋನಿನಲ್ಲಿ ಅಳುವ ದನಿ. ಪಕ್ಕದ ಅಂಗಡಿಯ ಹುಡುಗ ಆಗಲೇ ಪೆನ್‌ಡ್ರೈವ್ ತಂದು ಫಾರ್ಮ್ಯಾಟ್ ಹೊಡೆಯಲು ನಿಂತಿದ್ದ. ಏನೂ ಮುಟ್ಟಬೇಡಿ, ಯಂತ್ರ ಬಂದ್ ಮಾಡಿ ಇಡ್ರಿ ಅಂದೆ.

ಹೋಗಿರುವುದಿಲ್ಲ. ಆವೃತ್ತಿ ಏರಿಸುವಾಗ ಉಬುಂಟು ಮೊದಲು ಪ್ಯಾಕೇಜುಗಳನ್ನೆಲ್ಲ ಇಳಿಸಿಕೊಳ್ಳುತ್ತದೆ, ಆಮೇಲೆ ಅವನ್ನು ಬಿಚ್ಚಿ ಜಾಗಕ್ಕೆ ಇಡುತ್ತದೆ, ಕೊನೆಗೆ ಒಂದೊಂದನ್ನೂ ಕೆಲಸಕ್ಕೆ ಹೊಂದಿಸುತ್ತದೆ. ಯಾವುದು ಬಿಚ್ಚಿದ್ದು, ಯಾವುದು ಹೊಂದಿಸಿದ್ದು, ಯಾವುದು ಅರ್ಧಕ್ಕೆ ನಿಂತದ್ದು ಎಂಬ ಲೆಕ್ಕವನ್ನು ಡಿಪಿಕೆಜಿ ಎಂಬ ಉಪಕರಣ ಹೆಜ್ಜೆಹೆಜ್ಜೆಗೂ ಬರೆದಿಡುತ್ತದೆ. ಹಾಗಾಗಿ ಬಿಟ್ಟಲ್ಲಿಂದಲೇ ಮುಂದುವರಿಸಲು ಬರುತ್ತದೆ. ಯಂತ್ರ ಹಚ್ಚುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀಲಿಯಿಂದ ಗ್ರಬ್ ಎಂಬ ಬೂಟ್ ಮೆನು ತರಬಹುದು. ಅದರ ‘ಅಡ್ವಾನ್ಸ್ಡ್ ಆಪ್ಶನ್ಸ್’ ಒಳಗೆ ಹಳೆಯ ಕರ್ನಲ್ (ಅಂದರೆ ಲಿನಕ್ಸಿನ ತಿರುಳು) ಇರುತ್ತದೆ, ರಿಕವರಿ ಮೋಡ್ ಇರುತ್ತದೆ. ರಿಕವರಿಗೆ ಹೋಗಿ, ಓದಲು ಮಾತ್ರ ಬಿಟ್ಟಿರುವ ಡಿಸ್ಕನ್ನು ಬರೆಯುವ ಸ್ಥಿತಿಗೆ ತಂದು, ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಹೊಂದಿಸು ಎಂದು ಡಿಪಿಕೆಜಿಗೆ ಆಜ್ಞೆ ಕೊಟ್ಟೆ. ಒಂದಷ್ಟು ಮುಂದೆ ಹೋಗಿ ಮತ್ತೆ ನಿಂತಿತು. ಈ ಸಲದ ತಕರಾರು, ಡಿಸ್ಕಿನಲ್ಲಿ ಜಾಗವಿಲ್ಲ ಅಂತ.

ಅಕ್ಕಾರಿಗೆ ಅಚ್ಚರಿ. ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇತ್ತಲ್ಲ! ಇತ್ತು. ಆದರೆ ಅವರ ಯಂತ್ರದಲ್ಲಿ ಬೂಟ್ ಎಂಬ ಭಾಗ ಬೇರೆಯೇ ಇತ್ತು, ಅದರ ಅಳತೆ ಚಿಕ್ಕದು. ಹೊಸ ಕರ್ನಲ್ ಬಂದಾಗಲೆಲ್ಲ ಒಂದೊಂದು ಪ್ರತಿ ಅಲ್ಲಿ ಕೂಡುತ್ತಾ ಹೋಗಿ, ಹಳೆಯವು ತೆಗೆಯದೇ ಉಳಿದು, ಅದು ಭರ್ತಿಯಾಗಿತ್ತು. ಉಳಿದ ಡಿಸ್ಕು ಬರಿದಾಗಿದ್ದರೂ ಬೂಟ್ ತುಂಬಿದರೆ ಹೊಸ ಕರ್ನಲ್ ಏರುವುದಿಲ್ಲ. ಸದ್ಯ ನಡೆಯುತ್ತಿರುವ ಕರ್ನಲ್ ಒಂದನ್ನು, ಆಪತ್ತಿಗೆ ಇನ್ನೊಂದನ್ನು ಉಳಿಸಿಕೊಂಡು ಮಿಕ್ಕ ಹಳೆಯವನ್ನು ತೆಗೆದೆ. ಮತ್ತೆ ಡಿಪಿಕೆಜಿ, ಆಮೇಲೆ ಮುರಿದ ಅವಲಂಬನೆ ಸರಿಪಡಿಸಲು ಆಪ್ಟ್ ಎಂಬ ಉಪಕರಣ, ಕೊನೆಗೆ ಪೂರ್ತಿ ಅಪ್‌ಗ್ರೇಡ್. ಸಂಜೆಯೊಳಗೆ ಅಂಗಡಿ ಚಾಲೂ ಆಯಿತು. ಒಂದು ಲಗ್ನಪತ್ರಿಕೆಯೂ ಕಳೆಯಲಿಲ್ಲ.

ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಯಂತ್ರ ಎರಡು ಸಲವೂ ತನಗೆ ಏನಾಗಿದೆ ಎಂದು ಪರದೆಯ ಮೇಲೆ ಸ್ಪಷ್ಟವಾಗಿ ಹೇಳಿತ್ತು. ಅದನ್ನು ಓದಿದ್ದಷ್ಟೇ ಕೆಲಸ. ಪರದೆಯಲ್ಲಿ ಸಾಲು ಓಡಿಹೋದರೂ ಲಿನಕ್ಸ್ ಅದನ್ನು ಲಾಗ್ ಕಡತಗಳಲ್ಲಿ ಬರೆದಿಟ್ಟಿರುತ್ತದೆ. ಆವೃತ್ತಿ ಏರಿಸಿದ್ದಕ್ಕೇ ಬೇರೆ ಲಾಗ್ ಇದೆ. ಫಾರ್ಮ್ಯಾಟ್ ಹೊಡೆದವನು ರೋಗದ ಜೊತೆ ಆ ದಾಖಲೆಯನ್ನೂ ಅಳಿಸಿಬಿಡುತ್ತಾನೆ, ಮುಂದಿನ ಸಲ ಅದೇ ತೊಂದರೆ ಬಂದರೆ ಮತ್ತೆ ಫಾರ್ಮ್ಯಾಟ್.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಗಂಗಾವತಿ ಭಾಗದ ಯಾವ ರೈತನೂ ಮರೆತಿಲ್ಲ. ಇದ್ದ 33 ಗೇಟುಗಳಲ್ಲಿ ಅಂದು ಕೊಚ್ಚಿಹೋದದ್ದು ಒಂದು. ಅಣೆಕಟ್ಟನ್ನೇ ಕೆಡವಿ ಹೊಸದು ಕಟ್ಟೋಣ ಅಂತ ಯಾರೂ ಅನ್ನಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ, ಆ ಜಾಗಕ್ಕೆ ಸ್ಟಾಪ್‌ಲಾಗ್ ತುಂಡುಗಳನ್ನು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಎಲ್ಲಿ ಕೆಟ್ಟಿದೆ ಎಂದು ನೋಡಿ ಅಷ್ಟನ್ನೇ ಸರಿಪಡಿಸುವ ಬುದ್ಧಿ ನಮ್ಮ ಜಿಲ್ಲೆಯ ಕಣ್ಣೆದುರೇ ನಡೆದಿದೆ.

ಎರಡನೆಯ ತೊಂದರೆ ಸಂರಚನಾ ಕಡತಗಳದ್ದು, ಅಂದರೆ ಕಾನ್ಫಿಗರೇಶನ್ ಫೈಲ್. ಆವೃತ್ತಿ ಏರಿಸುವ ನಡುವೆ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ನೀವು ತಿದ್ದಿಕೊಂಡಿರುವ ಕಡತ ಇಟ್ಟುಕೊಳ್ಳಲೋ, ಹೊಸದನ್ನು ಹಾಕಲೋ? ಕುಷ್ಟಗಿಯ ಒಂದು ಕಚೇರಿಯಲ್ಲಿ ಈ ಪ್ರಶ್ನೆಗೆ ಯಾರೋ ಹೊಸದು ಹಾಕು ಎಂದು ಒತ್ತಿದರು. ಮರುದಿನ ಮುಂಜಾನೆ ಉಳಿದ ಯಂತ್ರಗಳಿಗೆ ಹಂಚಿಕೆಯ ಫೋಲ್ಡರ್ ಕಾಣಲಿಲ್ಲ. ಲಿನಕ್ಸ್ ಸರಿಯಿಲ್ಲ, ವಿಂಡೋಸೇ ವಾಸಿ ಎಂಬ ತೀರ್ಮಾನ ಆಗಿಹೋಗಿತ್ತು. ನಿಜವಾಗಿ ಆಗಿದ್ದಿಷ್ಟು: ಫೋಲ್ಡರ್ ಹಂಚುವ ಸಾಂಬಾ ಎಂಬ ತಂತ್ರಾಂಶದ ಕಡತದಲ್ಲಿ ಹಿಂದೆ ಯಾರೋ ಬರೆದಿದ್ದ ನಾಲ್ಕು ಸಾಲು ಹೊಸ ಕಡತದಲ್ಲಿ ಇರಲಿಲ್ಲ. ಹಳೆಯ ಕಡತ ಅಳಿದೂ ಇರಲಿಲ್ಲ. ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿ ಅದನ್ನು ಅದೇ ಜಾಗದಲ್ಲಿ ಇಡಲಾಗಿತ್ತು. ಎರಡನ್ನೂ ಪಕ್ಕಪಕ್ಕ ತೆರೆದು ಆ ನಾಲ್ಕು ಸಾಲನ್ನು ತಂದು ಹಾಕಿದರೆ ಮುಗಿಯಿತು. ಈ ಪ್ರಶ್ನೆ ಬಂದಾಗ ಏನು ಮಾಡಬೇಕೋ ತಿಳಿಯದಿದ್ದರೆ ಇದ್ದದ್ದನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಬರೇ ಎಂಟರ್ ಒತ್ತಿದರೆ ಸಾಮಾನ್ಯವಾಗಿ ಅದೇ ಆಗುತ್ತದೆ.

ವೈಫೈ ಡಾಂಗಲ್, ಹಳೆಯ ಲೇಸರ್ ಪ್ರಿಂಟರ್‌ಗಳದ್ದು ಇನ್ನೊಂದು ಬಗೆ. ಹೊರಗಿನಿಂದ ತಂದು ಹಾಕಿದ ಡ್ರೈವರ್‌ಗಳು ಹಳೆಯ ಕರ್ನಲ್ಲಿಗೋ ಹಳೆಯ ಲೈಬ್ರರಿಗೋ ಕಟ್ಟಿದವು. ಹೊಸ ಆವೃತ್ತಿಗೆ ಮತ್ತೆ ಕಟ್ಟಬೇಕು. ಏರಿಸುವ ಮೊದಲು ನಿಮ್ಮ ಪ್ರಿಂಟರಿನ ಮಾಡೆಲ್ ಹೊಸದರಲ್ಲಿ ನಡೆಯುತ್ತದೋ ಇಲ್ಲವೋ ವಿಚಾರಿಸಿಕೊಳ್ಳಿ. ಕರ್ನಲ್ ಹಳೆಯದಕ್ಕೆ ಬದಲಿಸಿ ಹಚ್ಚಿದಾಗ ವೈಫೈ ಬಂದರೆ ದೋಷ ಡ್ರೈವರಿನದು ಎಂದು ಅಲ್ಲಿಗೇ ಗೊತ್ತಾಗುತ್ತದೆ.

ಫಾರ್ಮ್ಯಾಟಿನಿಂದ ನಮಗೆ ಆಗುವ ದೊಡ್ಡ ನಷ್ಟ ಕನ್ನಡದ್ದು. ಇದರ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ನಮ್ಮ ಡಿಟಿಪಿ ಅಂಗಡಿಗಳ ಹಳೆಯ ಕಡತಗಳು ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿವೆ. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಬಳಕೆದಾರರ ಮನೆ ಫೋಲ್ಡರಿನಲ್ಲಿ ಯಾರೋ ಒಮ್ಮೆ ಹಾಕಿಟ್ಟ ಆ ಫಾಂಟ್ ಫಾರ್ಮ್ಯಾಟಿನಲ್ಲಿ ಹೋಯಿತೆಂದರೆ, ಪೆನ್‌ಡ್ರೈವಿನಲ್ಲಿ ಉಳಿಸಿದ ಕಡತವೂ ಓದಲು ಬಾರದೆ ಕೂರುತ್ತದೆ. ಕಡತ ಹಾಳಾಗಿದೆ ಅಂತ ತಿಳಿದು ಅಳಿಸಿದವರೂ ಇದ್ದಾರೆ. ಹಾಳಾಗಿರುವುದಿಲ್ಲ, ಫಾಂಟ್ ಸಿಕ್ಕರೆ ತೆರೆದುಕೊಳ್ಳುತ್ತದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಈಗಲೇ ಬದಲಿಸಿಕೊಳ್ಳಿ.

ಟೈಪಿಂಗ್ ಬಗ್ಗೆಯೂ ಅಂಜಿಕೆ ಬೇಡ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವೆಲ್ಲ ರೂಢಿ ಮಾಡಿಕೊಂಡ ಕ-ಗ-ಪ ಕೀಲಿಮಣೆ ಲಿನಕ್ಸ್ ಒಳಗೇ ಇದೆ. ಅಪ್‌ಗ್ರೇಡ್ ಆದ ಮೇಲೆ ಕನ್ನಡ ಮೂಡುತ್ತಿಲ್ಲವೆಂದರೆ ಅದು ಬಹುಮಟ್ಟಿಗೆ ಇನ್‌ಪುಟ್ ಪಟ್ಟಿಯಿಂದ ಜಾರಿರುತ್ತದೆ, ಇಲ್ಲವೇ ಐಬಸ್ ಎಂಬ ಸೇವೆ ಶುರುವಾಗಿರುವುದಿಲ್ಲ. ಕೀಬೋರ್ಡ್ ಸೆಟ್ಟಿಂಗಿಗೆ ಹೋಗಿ ಕನ್ನಡ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಬಂದರೆ ಸಾಕು. ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಉಬುಂಟುವಿನ ಭಂಡಾರದಲ್ಲೇ ಸಿಗುತ್ತವೆ.

ಫಾರ್ಮ್ಯಾಟ್ ಎಂದೂ ಬೇಡವೆಂದು ನಾನು ಹೇಳುತ್ತಿಲ್ಲ. ಡಿಸ್ಕೇ ಸಾಯುತ್ತಿದ್ದರೆ ಅದರ ಮೇಲೆ ರಿಪೇರಿ ಮಾಡುವುದು ವ್ಯರ್ಥ, ಮೊದಲು ಕಡತ ನಕಲು ತೆಗೆದು ಡಿಸ್ಕ್ ಬದಲಿಸಬೇಕು. 32 ಬಿಟ್ಟಿನ ತೀರ ಹಳೆಯ ಯಂತ್ರಗಳ ಕಾಲವೂ ಮುಗಿಯಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಅವಕ್ಕೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು. ಟ್ಯಾಲಿಯ ಮೇಲೆ ನಿಂತಿರುವ ಗಿರಣಿಯ ಲೆಕ್ಕದ ಯಂತ್ರಕ್ಕೆ ಲಿನಕ್ಸ್ ಹಾಕಿರೆಂದು ನಾನು ಯಾರಿಗೂ ಒತ್ತಾಯ ಮಾಡಿಲ್ಲ. ಅದು ವಿಂಡೋಸ್‌ಗೆ ಮಾಡಿದ ತಂತ್ರಾಂಶ, ಅಲ್ಲೇ ಇರಲಿ.

ನಮ್ಮ ಹುಡುಗರಿಗೆ ಇದೆಲ್ಲ ಯಾಕೆ ಬರುತ್ತಿಲ್ಲ? ಬುದ್ಧಿ ಕಡಿಮೆಯೆಂದಲ್ಲ. ಅವರಿಗೆ ಕಲಿಸಿದ್ದು ಗುಂಡಿ ಒತ್ತುವುದನ್ನು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಕಪ್ಪು ಪರದೆಯ ಇಂಗ್ಲಿಷ್ ಕಂಡರೆ ಕೈ ನಡುಗುತ್ತದೆ. ಹಾಗೆ ನೋಡಿದರೆ ಪದೇಪದೇ ಬರುವ ದೋಷದ ಸಂದೇಶಗಳು ಕೆಲವೇ. ಜಾಗವಿಲ್ಲ, ಅನುಮತಿಯಿಲ್ಲ, ಕಡತ ಸಿಗಲಿಲ್ಲ, ಅವಲಂಬನೆ ಮುರಿದಿದೆ, ಬೇರೊಂದು ಪ್ರಕ್ರಿಯೆ ಬೀಗ ಹಿಡಿದುಕೊಂಡಿದೆ. ಇವನ್ನು ಕನ್ನಡದಲ್ಲಿ ವಿವರಿಸಿ, ಪ್ರತಿಯೊಂದರ ಕೆಳಗೆ ಏನು ಮಾಡಬೇಕೆಂದು ಬರೆದರೆ ಒಂದು ಚಿಕ್ಕ ಪುಸ್ತಿಕೆಯಾಗುತ್ತದೆ.

ಇದು ಆಗದ ಮಾತೇನಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದೇ ಲಿನಕ್ಸ್ ಮೇಲೆ. 2001ರ ಸುಮಾರಿಗೆ ಕೇರಳದಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಮುಂದೆ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಅದು ಉಬುಂಟುವಿನ ಮೇಲೆ ಶಾಲೆಗಳಿಗೆಂದೇ ತನ್ನ ಆವೃತ್ತಿ ಕಟ್ಟುತ್ತದೆ, ಶಿಕ್ಷಕರಿಗೆ ತರಬೇತಿ ಕೊಡುತ್ತದೆ, ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೂ ಕೊಡುತ್ತದೆ. ಮಂಜೇಶ್ವರದ ಮಗುವಿಗೆ ಸಿಕ್ಕದ್ದು ಕುಷ್ಟಗಿಯ ಮಗುವಿಗೆ ಯಾಕೆ ಸಿಗಬಾರದು? ಮಗುವಿನ ಭಾಷೆ ಒಂದೇ, ಯಂತ್ರವೂ ಹೆಚ್ಚುಕಡಿಮೆ ಒಂದೇ.

ನಮ್ಮಲ್ಲಿ ಐಟಿಐಗಳಿವೆ, ಪಾಲಿಟೆಕ್ನಿಕ್‌ಗಳಿವೆ, 2023ರಲ್ಲಿ ಹುಟ್ಟಿದ ಕೊಪ್ಪಳ ವಿಶ್ವವಿದ್ಯಾಲಯವಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ಶಾಲೆಗೆ ಕಂಪ್ಯೂಟರ್ ಕೊಡುವ ಟೆಂಡರಿನಲ್ಲಿ ಖರೀದಿಯ ಜೊತೆ ಐದು ವರ್ಷದ ಅಪ್‌ಗ್ರೇಡ್ ಕೆಲಸವನ್ನೂ ಸೇರಿಸಲಿ. ಆ ಕೆಲಸವನ್ನು ಇದೇ ಜಿಲ್ಲೆಯ ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಕೊಡಲಿ. ಪುಸ್ತಿಕೆ ಬರೆಯಲು ಯಾವ ಸಂಸ್ಥೆ ಮುಂದೆ ಬಂದರೂ ನನ್ನ ವಹಿಗಳಲ್ಲಿ ಬರೆದಿಟ್ಟುಕೊಂಡ ದೋಷಗಳನ್ನೂ ಪರಿಹಾರಗಳನ್ನೂ ಪೂರ್ತಿ ಕೊಡಲು ಸಿದ್ಧನಿದ್ದೇನೆ.

ಉಬುಂಟು 22.04ರ ಸಾಮಾನ್ಯ ಬೆಂಬಲ 2027ರಲ್ಲಿ ಮುಗಿಯುತ್ತದೆ. ಅದನ್ನು ಬಳಸುವ ಅಂಗಡಿ, ಶಾಲೆಯವರು ಕೊನೆಯ ದಿನದವರೆಗೆ ಕಾಯಬೇಡಿ. ಪ್ರವೇಶದ ಅರ್ಜಿ, ಸುಗ್ಗಿಯ ಗದ್ದಲವಿಲ್ಲದ ಒಂದು ವಾರ ನೋಡಿಕೊಳ್ಳಿ. ಕಡತ, ಫಾಂಟ್ ಎರಡನ್ನೂ ಬೇರೆ ಡಿಸ್ಕಿಗೆ ನಕಲಿಸಿ, ಯುಪಿಎಸ್ ಬ್ಯಾಟರಿ ಪರೀಕ್ಷಿಸಿ, ಬೂಟ್ ಭಾಗದಲ್ಲಿ ಜಾಗ ಇದೆಯೇ ನೋಡಿ, ಆಮೇಲೆ ಏರಿಸಿ. ನಡುವೆ ನಿಂತರೆ ಪರದೆಯ ಫೋಟೊ ತೆಗೆದುಕೊಳ್ಳಿ, ಪೆನ್‌ಡ್ರೈವ್ ಹಿಡಿದು ಬಂದವನಿಗೆ ಮೊದಲು ಅದನ್ನು ಓದಿಸಿ.